ಪಾಸಂಗ ಗೊತ್ತಿದ್ದರೆ ಅಗ್ಗದ ಬ್ಯಾಂಡ್ ಸಾಕು

ಬನಶಂಕರಿಯಲ್ಲಿ ಸ್ಕೂಟರ್ ಹತ್ತಿ ಸಿಲ್ಕ್ ಬೋರ್ಡಿನಲ್ಲಿ ಇಳಿದವರು ಕೈ ತಿರುಗಿಸಿ ನೋಡಿದರೆ ಮಣಿಕಟ್ಟಿನ ಫಿಟ್‌ನೆಸ್ ಬ್ಯಾಂಡಿನಲ್ಲಿ ನಡೆಯದ ಹೆಜ್ಜೆಗಳು ಸೇರಿಕೊಂಡಿರುತ್ತವೆ. ಹಂಪು, ಗುಂಡಿ, ಹ್ಯಾಂಡಲಿನ ನಡುಕ ಎಲ್ಲವೂ ಅದಕ್ಕೆ ನಡಿಗೆಯಾಗಿ ಕಂಡಿರುತ್ತದೆ. ಸಂಜೆ ಅದೇ ಕೈ ಟ್ರಾಲಿಯ ಹಿಡಿ ಹಿಡಿದು ಸೂಪರ್ ಮಾರ್ಕೆಟ್ಟಿನಲ್ಲಿ ಅರ್ಧ ಗಂಟೆ ಸುತ್ತಿದರೆ, ನಿಜವಾಗಿ ನಡೆದ ಹೆಜ್ಜೆಗಳಲ್ಲಿ ಬಹಳಷ್ಟು ಲೆಕ್ಕಕ್ಕೇ ಬರುವುದಿಲ್ಲ. ಎರಡು-ಮೂರು ಸಾವಿರ ರೂಪಾಯಿ ಕೊಟ್ಟು ಫಿಟ್‌ನೆಸ್ ಬ್ಯಾಂಡ್ ಕೊಂಡವರು ಮೊದಲ ವಾರದಲ್ಲೇ ಇದನ್ನು ಗಮನಿಸುತ್ತಾರೆ. ‘ಅಗ್ಗದ ಮಾಲು, ಇಷ್ಟೇ’ ಅಂದುಕೊಂಡು ಡ್ರಾಯರಿಗೆ ಹಾಕಿಬಿಡುತ್ತಾರೆ. ಅದು ಅವಸರದ ತೀರ್ಪು.

ಹಳೆಯ ದಿನಸಿ ಅಂಗಡಿಯ ತಕ್ಕಡಿಗೆ ಪಾಸಂಗ ಅಂತ ಒಂದಿರುತ್ತಿತ್ತು. ಖಾಲಿ ತಟ್ಟೆಗಳು ಸಮ ನಿಲ್ಲದಿದ್ದರೆ ಹಗುರವಾದ ಕಡೆಗೆ ಒಂದು ಸಣ್ಣ ಕಲ್ಲು ಕಟ್ಟಿ ಸರಿದೂಗಿಸಿಕೊಳ್ಳುತ್ತಿದ್ದರು. ತಕ್ಕಡಿಯ ಓರೆ ದಿನವೂ ಒಂದೇ ಥರ ಇರುವವರೆಗೆ ವ್ಯಾಪಾರಕ್ಕೆ ತೊಂದರೆಯಿರಲಿಲ್ಲ. ಇವತ್ತು ಒಂದು ಕಡೆ, ನಾಳೆ ಇನ್ನೊಂದು ಕಡೆ ವಾಲುವ ತಕ್ಕಡಿಗೆ ಮಾತ್ರ ಯಾವ ಕಲ್ಲು ಕಟ್ಟಿದರೂ ಉಪಯೋಗವಿಲ್ಲ. ಬ್ಯಾಂಡಿನ ತಪ್ಪುಗಳಲ್ಲೂ ಈ ಎರಡು ಜಾತಿ ಇವೆ. ದಿನವೂ ಒಂದೇ ಅಳತೆಯಲ್ಲಿ ಆಗುವ ತಪ್ಪನ್ನು ಒಮ್ಮೆ ಅಳೆದು ಲೆಕ್ಕಕ್ಕೆ ಹಿಡಿಯಬಹುದು. ಮನಸ್ಸಿಗೆ ಬಂದ ಹಾಗೆ ಆಗುವ ತಪ್ಪನ್ನು ಕಟ್ಟಿಕೊಳ್ಳುವ ರೀತಿಯಿಂದ, ಸೆಟ್ಟಿಂಗ್‌ನಿಂದ ಕಡಿಮೆ ಮಾಡಬೇಕು. ಈ ಬರಹದಲ್ಲಿ ಹೇಳುವುದೆಲ್ಲ ಇದರ ವಿವರವೇ.

ಮೊದಲು, ಯಾರು ಬದಲಾಯಿಸಬೇಕು ಅನ್ನುವುದು. ದುಬಾರಿ ಸ್ಮಾರ್ಟ್ ವಾಚ್ ಬಿಟ್ಟು ಬ್ಯಾಂಡಿಗೆ ಬಂದರೆ ಕೈಯಿಂದಲೇ ಕರೆ ಮಾತಾಡುವುದು, ಮೆಸೇಜಿಗೆ ಉತ್ತರಿಸುವುದು, ಬೇರೆ ಆ್ಯಪ್ ಹಾಕಿಕೊಳ್ಳುವುದು ಸಾಮಾನ್ಯವಾಗಿ ಹೋಗುತ್ತದೆ. ಹೆಚ್ಚಿನ ಅಗ್ಗದ ಬ್ಯಾಂಡುಗಳಲ್ಲಿ ಸ್ವಂತ ಜಿಪಿಎಸ್ ಇರುವುದಿಲ್ಲ, ಫೋನಿನದನ್ನೇ ಎರವಲು ಪಡೆಯುತ್ತವೆ. ಗಾಳಿಯ ಒತ್ತಡ ಅಳೆಯುವ ಬಾರೋಮೀಟರ್ ಇಲ್ಲದ್ದರಿಂದ ಮೆಜೆಸ್ಟಿಕ್ ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತಿದ್ದೂ ಸಪಾಟು ನೆಲದ ನಡಿಗೆಯೂ ಅದಕ್ಕೆ ಒಂದೇ. ಇದಕ್ಕೆಲ್ಲ ಬದಲಾಗಿ ಸಿಗುವುದು ಎರಡು: ವಾರಕ್ಕೊಮ್ಮೆ ಚಾರ್ಜ್ ಮಾಡಿದರೆ ಸಾಕು ಅನ್ನುವ ನೆಮ್ಮದಿ, ಮತ್ತು ಮಲಗಿದಾಗ ಕೈಯಲ್ಲಿದೆ ಅನ್ನುವುದೇ ಮರೆತುಹೋಗುವಷ್ಟು ಹಗುರ. ದಿನಬಳಕೆಗೆ ಇವೆರಡೇ ದೊಡ್ಡ ವಿಷಯ. ದಿನವೂ ಚಾರ್ಜ್ ಕೇಳುವ ವಾಚು ರಾತ್ರಿ ಮೇಜಿನ ಮೇಲೆ ಮಲಗುತ್ತದೆ. ನಿದ್ದೆಯ ಅವಧಿ, ವಿಶ್ರಾಂತಿಯ ಹೃದಯ ಬಡಿತದಂಥ ನಂಬಬಹುದಾದ ಅಳತೆಗಳು ಸಿಗುವುದು ರಾತ್ರಿಯಲ್ಲೇ. ಓಟದ ಸ್ಪರ್ಧೆಗೆ ತರಬೇತಿ ಮಾಡುವವರಿಗೆ, ನಂದಿಬೆಟ್ಟಕ್ಕೆ ಸೈಕಲ್ ಹೊಡೆಯುವವರಿಗೆ ಬ್ಯಾಂಡ್ ಸಾಲದು. ಕಚೇರಿ, ಮನೆ, ಬೆಳಗಿನ ವಾಕಿಂಗ್ ಇಷ್ಟು ಇರುವವರಿಗೆ ಧಾರಾಳವಾಯಿತು.

ಹೆಜ್ಜೆಯ ಲೆಕ್ಕ ಹೇಗೆ ನಡೆಯುತ್ತದೆ ಅಂತ ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ. ಒಳಗೆ ಮೂರು ದಿಕ್ಕಿನ ಚಲನೆ ಅಳೆಯುವ ಅಕ್ಸೆಲೆರೋಮೀಟರ್ ಇದೆ. ಅದು ಕಾಲನ್ನು ನೋಡುವುದಿಲ್ಲ, ಕೈ ಬೀಸುವ ಲಯವನ್ನು ನೋಡುತ್ತದೆ. ಲಯ ಒಂದಿಷ್ಟು ಹೊತ್ತು, ಸಾಮಾನ್ಯವಾಗಿ ಹತ್ತರ ಆಸುಪಾಸಿನ ಹೆಜ್ಜೆ, ಬಿಡದೆ ಬಂದರೆ ಮಾತ್ರ ‘ಇದು ನಡಿಗೆ’ ಅಂತ ಒಪ್ಪಿ ಹಿಂದಿನದನ್ನೂ ಸೇರಿಸಿಕೊಳ್ಳುತ್ತದೆ. ಸುಮ್ಮನೆ ಕೈ ಆಡಿಸಿದ್ದು ಹೆಜ್ಜೆಯಾಗಬಾರದು ಅಂತ ಈ ಜಾಗ್ರತೆ. ಇದರ ಪೆಟ್ಟು ಬೀಳುವುದು ಮನೆಯಲ್ಲಿ ದುಡಿಯುವವರಿಗೆ. ಅಡುಗೆಮನೆಯಿಂದ ಹಾಲಿಗೆ ಆರು ಹೆಜ್ಜೆ, ಅಲ್ಲಿಂದ ಬಾಲ್ಕನಿಗೆ ಐದು ಹೆಜ್ಜೆ, ಹೀಗೆ ದಿನವಿಡೀ ನಡೆದದ್ದು ಎಣಿಕೆಗೆ ಸಿಗದೆ ಹೋಗುತ್ತದೆ. ಮುದ್ದೆ ಕೋಲಿನಿಂದ ಹಿಟ್ಟು ತಿರುವುವುದು, ಚಪಾತಿ ಲಟ್ಟಿಸುವುದು, ಬಟ್ಟೆ ಉಜ್ಜುವುದು ಲಯಬದ್ಧವಾದ್ದರಿಂದ ನಿಂತಲ್ಲೇ ನಿಂತರೂ ಹೆಜ್ಜೆಯಾಗಿ ಸೇರುತ್ತದೆ. ಗೃಹಿಣಿಯ ಕೈಯ ಬ್ಯಾಂಡು 3,000 ತೋರಿಸಿತು ಅಂದರೆ ಆಕೆ ದಿನವಿಡೀ ಕೂತಿದ್ದರು ಅಂತ ಅರ್ಥವಲ್ಲ. ಇದನ್ನು ಮನೆಯವರು ತಿಳಿದಿರಬೇಕು.

ಹಾಗಾಗಿ ಬಲಗೈ ಬಳಸುವವರು ಎಡಗೈಗೆ, ಎಡಚರು ಬಲಗೈಗೆ ಕಟ್ಟಬೇಕು. ಆ್ಯಪ್‌ನಲ್ಲಿ ಯಾವ ಕೈ ಅಂತ ಕೇಳುವ ಕಡೆ ಅದನ್ನೇ ಆರಿಸಬೇಕು. ಮಣಿಕಟ್ಟಿನ ಮೂಳೆಯ ಮೇಲೆ ಕೂರಿಸಬಾರದು, ಮೊಣಕೈ ಕಡೆಗೆ ಒಂದು ಬೆರಳಗಲ ಮೇಲೆ ಇರಬೇಕು. ವಾಕಿಂಗ್ ಅಥವಾ ಓಟಕ್ಕೆ ಹೊರಟಾಗ ಇನ್ನೊಂದು ಬೆರಳಗಲ ಮೇಲೇರಿಸಿ, ಒಂದು ತೂತು ಬಿಗಿ ಮಾಡಿ, ಬಂದ ಮೇಲೆ ಸಡಿಲಿಸಿ. ಗಾಜಿನ ಬಳೆ ತೊಡುವವರು ಬಳೆಗಳಿಗಿಂತ ಮೇಲೆ ಕಟ್ಟಿದರೆ ಬಡಿತದ ಅಳತೆಯೂ ಚೆನ್ನಾಗಿ ಬರುತ್ತದೆ, ಗಾಜಿನ ಪೆಟ್ಟೂ ತಪ್ಪುತ್ತದೆ. ಕೈಗೆ ದೇವಸ್ಥಾನದ ದಾರ ಕಟ್ಟಿಕೊಂಡಿದ್ದರೆ ಅದು ಸೆನ್ಸರಿನ ಅಡಿಗೆ ಸರಿಯದಂತೆ ನೋಡಿಕೊಳ್ಳಿ. ದಾರದ ಸಂದಿನಿಂದ ಹೊರಗಿನ ಬೆಳಕು ನುಗ್ಗಿ ಬಡಿತದ ಅಂಕಿ ಕೆಡುತ್ತದೆ. ಇವೆಲ್ಲ ಸಣ್ಣ ವಿಷಯವೆಂದು ಕಾಣಬಹುದು. ಆದರೆ ಇವತ್ತು ಎಡಗೈ, ನಾಳೆ ಬಲಗೈ, ಒಮ್ಮೆ ಬಿಗಿ, ಒಮ್ಮೆ ಸಡಿಲ ಅಂತ ಕಟ್ಟಿದರೆ ತಕ್ಕಡಿ ದಿನಕ್ಕೊಂದು ಕಡೆ ವಾಲುವುದು ಇಲ್ಲಿಂದಲೇ.

ಮುಂದೆ ಪಾಸಂಗ ಅಳೆಯುವುದು. ಸಮತಟ್ಟಾದ ಜಾಗದಲ್ಲಿ ನಿಂತು ಬ್ಯಾಂಡಿನ ಅಂಕಿ ಬರೆದುಕೊಳ್ಳಿ. ಬಾಯಲ್ಲಿ ಎಣಿಸಿಕೊಂಡು ಸಹಜ ವೇಗದಲ್ಲಿ ಸರಿಯಾಗಿ 200 ಹೆಜ್ಜೆ ನಡೆಯಿರಿ, ನಿಂತು ಅರ್ಧ ನಿಮಿಷ ಕಾದು ಮತ್ತೆ ನೋಡಿ. 190ರಿಂದ 210ರ ಒಳಗಿದ್ದರೆ ಚಿಂತೆಯಿಲ್ಲ. ಮೂರು ಸಲ ಮಾಡಿದಾಗ ಮೂರೂ ಸಲ 180 ಬಂದರೂ ಚಿಂತೆಯಿಲ್ಲ, ಹತ್ತಕ್ಕೊಂದು ಕಡಿಮೆ ಎಣಿಸುವ ಬ್ಯಾಂಡು ಅಂತ ಗೊತ್ತಾಯಿತು. ಒಮ್ಮೆ 150, ಒಮ್ಮೆ 215 ಬಂದರೆ ಕಟ್ಟಿದ ರೀತಿ ಸರಿಯಿಲ್ಲ, ಇಲ್ಲವೇ ಬ್ಯಾಂಡೇ ಸರಿಯಿಲ್ಲ. ಇದೇ ಪರೀಕ್ಷೆಯನ್ನು ಒಂದು ಕೈಯಲ್ಲಿ ತರಕಾರಿ ಚೀಲ ಹಿಡಿದು, ಆಮೇಲೆ ಜೇಬಿನಲ್ಲಿ ಕೈ ಇಟ್ಟು ಮಾಡಿ ನೋಡಿ. ಯಾವಾಗ ನಂಬಬಾರದು ಅನ್ನುವುದು ನಿಮಗೇ ತಿಳಿಯುತ್ತದೆ.

ದೂರದ ಲೆಕ್ಕ ಇನ್ನೊಂದು ಮೆಟ್ಟಿಲು ದೂರದ್ದು. ಜಿಪಿಎಸ್ ಇಲ್ಲದಾಗ ಬ್ಯಾಂಡು ಹೆಜ್ಜೆಯನ್ನು ಹೆಜ್ಜೆಯ ಉದ್ದದಿಂದ ಗುಣಿಸುತ್ತದೆ. ಆ ಉದ್ದವನ್ನು ನೀವು ಕೊಟ್ಟ ಎತ್ತರದಿಂದ ಊಹಿಸಿಕೊಳ್ಳುತ್ತದೆ. ಸಾಮಾನ್ಯ ಸೂತ್ರ ಎತ್ತರದ ಶೇ. 41ರಷ್ಟು, ಅಂದರೆ 165 ಸೆಂ.ಮೀ. ಎತ್ತರದವರಿಗೆ ಸುಮಾರು 68 ಸೆಂ.ಮೀ. ಕಂಠೀರವ ಕ್ರೀಡಾಂಗಣದಲ್ಲಿರುವಂಥ 400 ಮೀಟರಿನ ಟ್ರ್ಯಾಕ್ ನಿಮಗೆ ಎಲ್ಲಾದರೂ ಸಿಕ್ಕರೆ ಒಳಗಿನ ಲೇನಿನಲ್ಲಿ ಎರಡು ಸುತ್ತು ಹಾಕಿ. 800 ಮೀಟರಿಗೆ 1,230 ಹೆಜ್ಜೆ ಆಯಿತು ಅನ್ನಿ, ನಿಮ್ಮ ಹೆಜ್ಜೆ 65 ಸೆಂ.ಮೀ. ಆ್ಯಪ್‌ನಲ್ಲಿ ಹೆಜ್ಜೆಯುದ್ದ ಹಾಕುವ ಜಾಗವಿದ್ದರೆ ಅದನ್ನೇ ತುಂಬಿ. ಸೀರೆ ಉಟ್ಟಾಗ, ಚಪ್ಪಲಿ ಹಾಕಿದಾಗ, ಶೂ ಹಾಕಿದಾಗ ಹೆಜ್ಜೆ ಬೇರೆಬೇರೆ ಇರುತ್ತದೆ. ಹೆಚ್ಚು ನಡೆಯುವುದು ಯಾವುದರಲ್ಲೋ ಅದರಲ್ಲೇ ಅಳೆಯಿರಿ. ಫೋನಿನ ಜಿಪಿಎಸ್ ಬಳಸುವುದಾದರೆ ಬಯಲಿನಲ್ಲಿ ಅರ್ಧ ನಿಮಿಷ ನಿಂತು ಸಂಕೇತ ಹಿಡಿದ ಮೇಲೆ ಹೊರಡಿ. ಕಬ್ಬನ್ ಪಾರ್ಕಿನ ಬಿದಿರು ಮೆಳೆಗಳ ಅಡಿಯಲ್ಲೂ ಎಂ.ಜಿ. ರಸ್ತೆಯ ಗಾಜಿನ ಕಟ್ಟಡಗಳ ನಡುವೆಯೂ ಗೆರೆ ಅಂಕುಡೊಂಕಾಗಿ, ನಡೆದದ್ದಕ್ಕಿಂತ ಹೆಚ್ಚಿನ ದೂರ ತೋರಿಸುವುದುಂಟು.

ಹೃದಯ ಬಡಿತದ ಸೆನ್ಸರ್ ಈ ಬ್ಯಾಂಡುಗಳ ಅತ್ಯುತ್ತಮ ಭಾಗ, ಅತಿ ಹೆಚ್ಚು ತಪ್ಪಾಗಿ ಅರ್ಥವಾಗುವ ಭಾಗವೂ ಹೌದು. ಕೆಳಗೆ ಮಿನುಗುವ ಹಸಿರು ದೀಪ ಚರ್ಮದೊಳಕ್ಕೆ ಬೆಳಕು ಬಿಡುತ್ತದೆ. ರಕ್ತದ ಹಿಮೋಗ್ಲೋಬಿನ್ ಹಸಿರನ್ನು ಚೆನ್ನಾಗಿ ಹೀರುತ್ತದೆ. ಪ್ರತಿ ಬಡಿತಕ್ಕೂ ರಕ್ತ ಉಕ್ಕಿದಾಗ ಮರಳಿ ಬರುವ ಬೆಳಕು ಸ್ವಲ್ಪ ಕುಗ್ಗುತ್ತದೆ, ಆ ಏರಿಳಿತವನ್ನು ಪಕ್ಕದ ಫೋಟೋಡಯೋಡ್ ಎಣಿಸುತ್ತದೆ. ಕೈ ಅಲುಗದೆ, ಸೆನ್ಸರ್ ಚರ್ಮಕ್ಕೆ ಅಂಟಿಕೊಂಡಿದ್ದರೆ ಈ ಎಣಿಕೆ ಚೆನ್ನಾಗಿರುತ್ತದೆ. ಐದು ನಿಮಿಷ ಸುಮ್ಮನೆ ಕೂತು, ಇನ್ನೊಂದು ಕೈಯ ಹೆಬ್ಬೆರಳ ಬುಡದ ಕೆಳಗೆ ಎರಡು ಬೆರಳಿಟ್ಟು ಒಂದು ನಿಮಿಷ ನಾಡಿ ಎಣಿಸಿ, ಬ್ಯಾಂಡಿನ ಅಂಕಿಯೊಂದಿಗೆ ಹೋಲಿಸಿ. ಮೂರು-ನಾಲ್ಕು ಬಡಿತದೊಳಗೆ ಹೊಂದಿದರೆ ಸರಿ.

ಕೈ ಅಲುಗಲು ಶುರುವಾದ ಮೇಲೆ ಕಷ್ಟ. ಹಚ್ಚೆಯ ಶಾಯಿ ಬೆಳಕನ್ನು ತಡೆಯುತ್ತದೆ. ಡಿಸೆಂಬರ್-ಜನವರಿಯ ಬೆಳಗಿನ 15 ಡಿಗ್ರಿ ಚಳಿಯಲ್ಲಿ ಕೈಯ ರಕ್ತನಾಳಗಳು ಕುಗ್ಗಿ ಸಂಕೇತ ಸಪ್ಪೆಯಾಗುತ್ತದೆ. ಮೊದಲ ಐದು-ಹತ್ತು ನಿಮಿಷದ ಅಂಕಿಯನ್ನು ಆಗ ಬಿಟ್ಟುಬಿಡುವುದೇ ಮೇಲು. ಇದಕ್ಕಿಂತ ಮೋಸದ್ದು ಇನ್ನೊಂದಿದೆ: ಓಡುವಾಗ ಕೈ ಬೀಸುವ ಲಯವನ್ನೇ ಸೆನ್ಸರ್ ಹೃದಯದ ಲಯವೆಂದು ಹಿಡಿದುಕೊಳ್ಳುವುದು. ನಿಮಿಷಕ್ಕೆ 165 ಹೆಜ್ಜೆಯಲ್ಲಿ ಓಡುತ್ತಿರುವವರ ಹೃದಯ 140ರಲ್ಲಿದ್ದರೂ ಪರದೆಯಲ್ಲಿ 165 ಬರುತ್ತದೆ. ಗುರುತಿಸುವುದು ಸುಲಭ. ನಿಜವಾದ ಬಡಿತ ಏರಲು ಒಂದೆರಡು ನಿಮಿಷ ಹಿಡಿಯುತ್ತದೆ, ಇಳಿಯಲೂ ಹಾಗೇ. ಓಡಲು ತೊಡಗಿದ ತಕ್ಷಣ ಒಂದೇ ನೆಗೆತಕ್ಕೆ ಏರಿ, ನಿಂತ ತಕ್ಷಣ ಧೊಪ್ಪನೆ ಬಿದ್ದ ಗೆರೆ ಗ್ರಾಫಿನಲ್ಲಿ ಕಂಡರೆ ಅದು ಕೈಯದು. ಮೇಲೇರಿಸಿ ಬಿಗಿಯಾಗಿ ಕಟ್ಟಿ ನೋಡಿ, ಆಗಲೂ ಸರಿಹೋಗದಿದ್ದರೆ ಎದೆಗೆ ಕಟ್ಟುವ ಪಟ್ಟಿಯೇ ಪರಿಹಾರ. ಅದು ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ, ಬ್ಯಾಂಡಿನ ಹಂಗಿಲ್ಲದೆ ಬ್ಲೂಟೂತ್ ಮೂಲಕ ನೇರ ಫೋನಿಗೆ ಜೋಡಿಸಬಹುದು.

ವ್ಯಾಯಾಮ ಎಷ್ಟು ಜೋರಾಗಿದೆ ಅಂತ ಬಡಿತ ನೋಡಿ ವಿಂಗಡಿಸುವ ‘ಝೋನ್’ಗಳನ್ನು ಬ್ಯಾಂಡು ಲೆಕ್ಕ ಹಾಕುವುದು ವಯಸ್ಸಿನಿಂದ. ಹೃದಯದ ಗರಿಷ್ಠ ಬಡಿತ ತಿಳಿಯಲು 220ರಿಂದ ವಯಸ್ಸು ಕಳೆಯುವ ಸೂತ್ರವೇ ಹೆಚ್ಚು ಬಳಕೆಯಲ್ಲಿದೆ. 2001ರಲ್ಲಿ ಸಂಶೋಧಕ ತನಕಾ ಮತ್ತು ಸಂಗಡಿಗರು ಕೊಟ್ಟ ಸೂತ್ರದಲ್ಲಿ 208ರಿಂದ ವಯಸ್ಸಿನ 0.7ರಷ್ಟು ಕಳೆಯಬೇಕು. ಅರವತ್ತರವರಿಗೆ ಮೊದಲಿನದು 160 ಅಂದರೆ ಎರಡನೆಯದು 166 ಅನ್ನುತ್ತದೆ. ಎರಡೂ ಸರಾಸರಿಗಳೇ, ಒಬ್ಬೊಬ್ಬರ ಹೃದಯ ಅದರಿಂದ ಹತ್ತು ಬಡಿತ ಆಚೀಚೆ ಇರುವುದು ತೀರಾ ಸಾಮಾನ್ಯ. ಮೆಟೊಪ್ರೊಲಾಲ್, ಅಟೆನೊಲಾಲ್‌ನಂಥ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರು ಈ ಝೋನ್‌ಗಳನ್ನು ಪೂರ್ತಿ ಮರೆಯಬೇಕು. ಆ ಮಾತ್ರೆ ಬಡಿತವನ್ನು ಏರಗೊಡುವುದಿಲ್ಲ. ಬ್ಯಾಂಡು ಕೇಳಿತು ಅಂತ ಇನ್ನೂ ಜೋರಾಗಿ ನಡೆಯುವುದು ಅಪಾಯ. ಮಾತಾಡಬಹುದು, ಹಾಡಲು ಉಸಿರು ಸಾಲದು ಅನ್ನುವಷ್ಟು ವೇಗ ಯಾರಿಗಾದರೂ ಸರಿಯಾದ ಮಧ್ಯಮ ವ್ಯಾಯಾಮ.

ವಿಶ್ರಾಂತಿಯ ಬಡಿತ ಮಾತ್ರ ದಿನವೂ ನೋಡತಕ್ಕದ್ದು. ದೊಡ್ಡವರಲ್ಲಿ 60ರಿಂದ 100 ಸಹಜ, ಕ್ರೀಡಾಪಟುಗಳಲ್ಲಿ ಅದಕ್ಕಿಂತ ಕೆಳಗೂ ಇರುತ್ತದೆ. ಮೂರು ವಾರ ಬಿಡದೆ ಕಟ್ಟಿದರೆ ನಿಮ್ಮದು ಎಷ್ಟು ಅಂತ ತಿಳಿಯುತ್ತದೆ. ಸದಾ 64 ಇದ್ದದ್ದು ಎರಡು ದಿನದಿಂದ 74 ಆಗಿದ್ದರೆ ದೇಹ ಯಾವುದಕ್ಕೋ ಶ್ರಮಿಸುತ್ತಿದೆ ಅಂತ ಅರ್ಥ. ಜ್ವರದಲ್ಲಿ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಬಡಿತ ಸುಮಾರು ಹತ್ತು ಏರುತ್ತದೆ. ನಿದ್ದೆಗೆಟ್ಟರೂ, ರಾತ್ರಿ ತಡವಾಗಿ ಹೊಟ್ಟೆತುಂಬ ಉಂಡರೂ, ಮದ್ಯ ಕುಡಿದರೂ ಏರುತ್ತದೆ. ಕಾರಣ ಯಾವುದು ಅಂತ ಬ್ಯಾಂಡು ಹೇಳದು. ಮಳೆಗಾಲದಲ್ಲಿ, ಊರ ತುಂಬ ಡೆಂಗಿ ಓಡಾಡುವಾಗ, ಬಡಿತ ಏರಿ ಮೈಕೈ ನೋವೂ ಸೇರಿದರೆ ಥರ್ಮಾಮೀಟರ್ ಹಿಡಿಯಲು ಅಷ್ಟು ಸೂಚನೆ ಸಾಕು.

ರಕ್ತದ ಆಮ್ಲಜನಕದ ಅಳತೆಗೆ ಕೆಂಪು ಮತ್ತು ಇನ್‌ಫ್ರಾರೆಡ್ ಬೆಳಕು ಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನಲ್ಲಿ ಬೆಳಕು ಬೆರಳನ್ನು ತೂರಿ ಆಚೆ ಬರುತ್ತದೆ. ಮಣಿಕಟ್ಟಿನಲ್ಲಿ ಚದುರಿ ಮರಳಿದ ಬೆಳಕನ್ನಷ್ಟೇ ಹಿಡಿಯಬೇಕು, ಅದಕ್ಕೇ ಅಂಕಿ ಹೊಯ್ದಾಡುತ್ತದೆ. ಮಲಗಿದಾಗ ಕೈ ಮಡಚಿಕೊಂಡರೆ ಸಾಕು, 88 ಬಂದು ಗಾಬರಿ ಹುಟ್ಟಿಸುತ್ತದೆ. ಉಸಿರಾಟದ ತೊಂದರೆ ಇರುವವರು ಬೆರಳಿನ ಆಕ್ಸಿಮೀಟರನ್ನೇ ಇಟ್ಟುಕೊಳ್ಳಲಿ, ಉಳಿದವರು ಈ ಸೌಲಭ್ಯವನ್ನು ಆಫ್ ಮಾಡಲಿ.

ರಕ್ತದೊತ್ತಡ, ಸಕ್ಕರೆ ತೋರಿಸುತ್ತೇವೆ ಅನ್ನುವ ಅಗ್ಗದ ಬ್ಯಾಂಡುಗಳ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳಬೇಕು: ಕೊಳ್ಳಬೇಡಿ. ತೋಳಿಗೆ ಗಾಳಿಪಟ್ಟಿ ಸುತ್ತದೆ, ಬರೀ ಹಸಿರು ದೀಪದಿಂದ ಬರುವ ಬಿ.ಪಿ. ಅಂಕಿ ಹೆಚ್ಚೆಂದರೆ ಊಹೆ. ಅದನ್ನು ನಂಬಿ ಮಾತ್ರೆ ಹೆಚ್ಚು-ಕಡಿಮೆ ಮಾಡಿದರೆ ಅನಾಹುತ. ಸಕ್ಕರೆಯದು ಇನ್ನೂ ಸ್ಪಷ್ಟ. ಚರ್ಮ ಚುಚ್ಚದೆ ತಾನಾಗಿ ಗ್ಲೂಕೋಸ್ ಅಳೆಯುವ ಯಾವ ಸ್ಮಾರ್ಟ್ ವಾಚಿಗೂ ಉಂಗುರಕ್ಕೂ ಅನುಮತಿ ಕೊಟ್ಟಿಲ್ಲ, ಅಂಥವನ್ನು ಬಳಸಬೇಡಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿದೆ. ತೋಳಿಗೆ ಅಂಟಿಸುವ ಗ್ಲೂಕೋಸ್ ಮಾಪಕ ಬೇರೆ, ಅದರ ಸಣ್ಣ ಎಳೆ ಚರ್ಮದೊಳಗೆ ಹೋಗಿರುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವ ಅಪ್ಪನಿಗೆ, ಅಮ್ಮನಿಗೆ ‘ಶುಗರ್ ನೋಡುವ ವಾಚು’ ಅಂತ ಪ್ರೀತಿಯಿಂದ ತಂದುಕೊಡುವವರಿದ್ದಾರೆ. ಆ ಪ್ರೀತಿ ಅವರ ಜೀವಕ್ಕೇ ತೊಂದರೆಯಾಗಬಹುದು.

ಕ್ಯಾಲೊರಿಯ ಅಂಕಿಯನ್ನೂ ಪರದೆಯಿಂದ ತೆಗೆದುಹಾಕಿ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಏಳು ಸಾಧನಗಳನ್ನು ಪರೀಕ್ಷಿಸಿದಾಗ ಆರರಲ್ಲಿ ಹೃದಯ ಬಡಿತದ ತಪ್ಪು ಶೇ. 5ರೊಳಗಿತ್ತು. ಕ್ಯಾಲೊರಿಯಲ್ಲಿ ಮಾತ್ರ ಅತಿ ಒಳ್ಳೆಯದೇ ಸರಾಸರಿ ಶೇ. 27ರಷ್ಟು, ಅತಿ ಕೆಟ್ಟದ್ದು ಶೇ. 93ರಷ್ಟು ತಪ್ಪಿತು. ಅವೆಲ್ಲ ಹೆಸರುವಾಸಿ ಸಾಧನಗಳು. ಆ ಅಂಕಿ ನೋಡಿ ಊಟದ ಲೆಕ್ಕ ಹಾಕುವುದು ತೂಕ ಇಳಿಸುವವರಿಗೆ ಹಾನಿಯೇ.

ನಿದ್ದೆಯಲ್ಲಿ ಬ್ಯಾಂಡು ನೋಡುವುದು ಎರಡನ್ನೇ, ಕೈ ಎಷ್ಟು ಅಲುಗಿತು ಮತ್ತು ಬಡಿತ ಎಷ್ಟು ಇಳಿಯಿತು. ಹಾಸಿಗೆಯಲ್ಲಿ ಅಲುಗದೆ ಸಿನಿಮಾ ನೋಡಿದ ಒಂದು ಗಂಟೆ ಅದಕ್ಕೆ ನಿದ್ದೆ. ಗಾಢ ನಿದ್ದೆ, ಕನಸಿನ ನಿದ್ದೆ ಅನ್ನುವ ಭಾಗಗಳನ್ನು ನಿಖರವಾಗಿ ಹೇಳಲು ತಲೆಗೆ ವೈರು ಅಂಟಿಸಿ ಮೆದುಳಿನ ಅಲೆ ಅಳೆಯಬೇಕು. ಬಣ್ಣದ ಪಟ್ಟಿಗಳನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಮಲಗಿದ್ದು ಎಷ್ಟಕ್ಕೆ, ಎದ್ದದ್ದು ಎಷ್ಟಕ್ಕೆ, ವಾರದಲ್ಲಿ ಇವು ಎಷ್ಟು ಆಚೀಚೆ ಆದವು, ಇಷ್ಟನ್ನು ನೋಡಿ. ನಿದ್ದೆಯ ಅಂಕ ಕಡಿಮೆ ಬಂತು ಅನ್ನುವ ಚಿಂತೆಯಿಂದಲೇ ನಿದ್ದೆ ಕೆಡುವುದಕ್ಕೆ ವೈದ್ಯರು 2017ರಲ್ಲಿ ಆರ್ಥೋಸೋಮ್ನಿಯಾ ಅಂತ ಹೆಸರನ್ನೇ ಇಟ್ಟರು. ರಾತ್ರಿ ಪಾಳಿಯಲ್ಲಿ ದುಡಿಯುವವರು ಕೊಳ್ಳುವ ಮೊದಲೇ ವಿಚಾರಿಸಬೇಕಾದ್ದು: ಹಗಲಿನ ಏಳು ಗಂಟೆಯ ನಿದ್ದೆಯನ್ನು ಈ ಬ್ಯಾಂಡು ನಿದ್ದೆಯೆಂದು ಬರೆದುಕೊಳ್ಳುತ್ತದೆಯೇ, ಬರೀ ‘ಜೊಂಪು’ ಅನ್ನುತ್ತದೆಯೇ? ಇದರಲ್ಲಿ ಒಂದೊಂದು ಬ್ಯಾಂಡ್ ಒಂದೊಂದು ಥರ. ಜೋರಾದ ಗೊರಕೆ, ಹಗಲೆಲ್ಲ ತೂಕಡಿಕೆ ಇದ್ದರೆ ಬ್ಯಾಂಡು ಏನೇ ಹೇಳಲಿ ವೈದ್ಯರಲ್ಲಿಗೆ ಹೋಗಬೇಕು. ಅಂದಹಾಗೆ ಮಣಿಕಟ್ಟಿನ ಮೇಲೆ ಸದ್ದಿಲ್ಲದೆ ನಡುಗುವ ಅಲಾರಂ ಒಂದು ದೊಡ್ಡ ಉಪಕಾರ. ನಸುಕಿನ ನಾಲ್ಕೂವರೆಗೆ ಕಾವೇರಿ ನೀರು ಬಿಡುವ ಬಡಾವಣೆಯಲ್ಲಿ ಒಬ್ಬರು ಏಳಲು ಮನೆಯವರೆಲ್ಲ ಏಳಬೇಕಿಲ್ಲ.

ಫೋನಿನ ಕಡೆಯ ಕೆಲಸ ಒಂದು ಸಂಜೆ ಕೂತು ಮಾಡುವಂಥದು. ಆಂಡ್ರಾಯ್ಡ್ 12 ಮತ್ತು ಅದರ ಮುಂದಿನವುಗಳಲ್ಲಿ ‘ನಿಯರ್‌ಬೈ ಡಿವೈಸಸ್’ ಅನುಮತಿ ಕೊಟ್ಟರೆ ಬ್ಯಾಂಡು ಸಿಗುತ್ತದೆ. ಹಳೆಯವುಗಳಲ್ಲಿ ಬ್ಲೂಟೂತ್ ಹುಡುಕಾಟಕ್ಕೇ ಲೊಕೇಶನ್ ಆನ್ ಇರಬೇಕು. ‘ಬೆಳಗ್ಗೆ ಕನೆಕ್ಟ್ ಆಗಿತ್ತು, ಮಧ್ಯಾಹ್ನ ಬಿಟ್ಟುಹೋಯಿತು’ ಅನ್ನುವ ದೂರು ಬಂದಾಗ ಬಹಳ ಸಲ ಬ್ಯಾಂಡಿನ ತಪ್ಪಿರುವುದಿಲ್ಲ, ಬ್ಯಾಟರಿ ಉಳಿಸಲು ಫೋನು ಆ್ಯಪನ್ನು ಹಿನ್ನೆಲೆಯಲ್ಲಿ ಕೊಂದಿರುತ್ತದೆ. ಆ ಆ್ಯಪಿಗೆ ಮಾತ್ರ ಬ್ಯಾಟರಿ ಸೆಟ್ಟಿಂಗನ್ನು ‘ಅನ್‌ರಿಸ್ಟ್ರಿಕ್ಟೆಡ್’ ಮಾಡಿ, ‘ಆಟೋಸ್ಟಾರ್ಟ್’ ಇದ್ದರೆ ಆನ್ ಮಾಡಿ. ನೋಟಿಫಿಕೇಶನ್‌ಗೆ ಕರೆ ಮತ್ತು ಅಗತ್ಯವಾದ ಒಂದೆರಡು ಆ್ಯಪ್ ಬಿಟ್ಟು ಉಳಿದದ್ದೆಲ್ಲ ತೆಗೆಯಿರಿ. ಎಸ್‌ಎಂಎಸ್‌ಗೂ ಅನುಮತಿ ಕೊಟ್ಟರೆ ಬ್ಯಾಂಕಿನ ಓಟಿಪಿ ಕೂಡ ಬಿಎಂಟಿಸಿ ಬಸ್ಸಿನಲ್ಲಿ ಕಂಬಿ ಹಿಡಿದ ಕೈಯ ಮೇಲೆ ಎಲ್ಲರಿಗೂ ಕಾಣುವಂತೆ ಬೆಳಗುತ್ತದೆ.

ಕನ್ನಡದ ವಿಷಯ ಇಲ್ಲಿ ಹೇಳಲೇಬೇಕು. ಅನೇಕ ಅಗ್ಗದ ಬ್ಯಾಂಡುಗಳಿಗೆ ಕನ್ನಡ ಲಿಪಿ ಬರುವುದಿಲ್ಲ. ಅಕ್ಷರದ ಜಾಗದಲ್ಲಿ ಖಾಲಿ ಚೌಕಗಳು ಬರುತ್ತವೆ, ಕೆಲವದರಲ್ಲಿ ಅಕ್ಷರ ಬಂದರೂ ಒತ್ತು ಪಕ್ಕಕ್ಕೆ ಸಿಡಿದು ‘ಅಮ್ಮ’ ಮುರಿದುಬಿದ್ದಿರುತ್ತದೆ. ಅಂಗಡಿಯಲ್ಲೇ ಜೋಡಿಸಿಕೊಂಡು ಯಾರಿಂದಲಾದರೂ ‘ಅಕ್ಕ, ಊಟಕ್ಕೆ ಬನ್ನಿ, ಸ್ವಲ್ಪ ಬೇಗ’ ಅಂತ ಒತ್ತಕ್ಷರವಿರುವ ಮೆಸೇಜ್ ಕಳಿಸಿಕೊಂಡು ನೋಡಿ. ಹೆಸರುಗಳನ್ನು ಕನ್ನಡದಲ್ಲೇ ಸೇವ್ ಮಾಡಿಕೊಂಡವರಿಗೆ ಕರೆ ಯಾರದ್ದು ಅಂತ ತಿಳಿಯದ ಬ್ಯಾಂಡು ಅರ್ಧ ಬ್ಯಾಂಡು. ಈ ನಗರದಲ್ಲಿ ಇಷ್ಟು ಮಾರುವ ವಸ್ತು ಈ ನಾಡಿನ ಅಕ್ಷರ ತೋರಿಸಬೇಕು ಅಂತ ಕೇಳುವುದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಕೊಳ್ಳುವವರು ಕೇಳಿದರೆ ಮಾರುವವರ ಕಿವಿಗೂ ಬೀಳುತ್ತದೆ.

ಅಂಗಡಿಯಲ್ಲಿ ನೋಡಬೇಕಾದ ಇನ್ನೊಂದು, ಬಡಿತದ ಸೆನ್ಸರ್ ನಿಜವೋ ಬರೀ ದೀಪವೋ ಅನ್ನುವುದು. ಟವಲ್ ಸುರುಳಿಗೆ ಸುತ್ತಿ ಪರೀಕ್ಷಿಸುವುದು ಚಾಲ್ತಿಯಲ್ಲಿದೆ, ಆದರೆ ಒಳ್ಳೆಯ ಬ್ಯಾಂಡೂ ಅಲ್ಲಿ ಏನೋ ಒಂದು ಅಂಕಿ ತೋರಿಸಿಬಿಡಬಹುದು. ಇದಕ್ಕಿಂತ ಒಳ್ಳೆಯ ದಾರಿ: ಕೂತು ಒಮ್ಮೆ ನೋಡಿ, ಎರಡು ಮಹಡಿ ಚುರುಕಾಗಿ ಹತ್ತಿಳಿದು ಬಂದು ತಕ್ಷಣ ನೋಡಿ, ಮೂರು ನಿಮಿಷ ಬಿಟ್ಟು ಮತ್ತೆ ನೋಡಿ. ಏರಿ ಮೆಲ್ಲಗೆ ಇಳಿದರೆ ಸೆನ್ಸರ್ ಕೆಲಸ ಮಾಡುತ್ತಿದೆ. ಮೂರೂ ಸಲ 75ರ ಸುತ್ತ ಇದ್ದರೆ ಕೈಬಿಡಿ.

ಬ್ಯಾಟರಿ ತೀರಾ ಚಿಕ್ಕದು. ಶಓಮಿ ಕಂಪನಿಯ ಮಿ ಬ್ಯಾಂಡ್ 4ರಲ್ಲಿದ್ದದ್ದು 135 ಎಂಎಎಚ್ ಸಾಮರ್ಥ್ಯದ್ದು, ಇವತ್ತಿನ ಫೋನುಗಳಲ್ಲಿ 5,000 ಸಾಮಾನ್ಯ. ಡಬ್ಬಿಯ ಮೇಲೆ 14 ದಿನ ಅಂತ ಬರೆದದ್ದು ಮಿತವ್ಯಯದ ಸೆಟ್ಟಿಂಗಿನ ಮಾತು. ಪ್ರತಿ ನಿಮಿಷ ಬಡಿತ, ದಿನವಿಡೀ ಆಮ್ಲಜನಕ, ಸದಾ ಬೆಳಗುವ ಪರದೆ ಮೂರೂ ಸೇರಿದರೆ ವಾರವೂ ಬಾರದು. ಬಡಿತವನ್ನು ಐದು ನಿಮಿಷಕ್ಕೊಮ್ಮೆ ಇಡಿ, ವ್ಯಾಯಾಮ ಶುರು ಮಾಡಿದಾಗ ಅದು ತಾನೇ ಬಿಡದೆ ಅಳೆಯುತ್ತದೆ. ಕೈ ಎತ್ತಿದರೆ ಪರದೆ ಬೆಳಗುವ ಸೌಲಭ್ಯವನ್ನು ರಾತ್ರಿಗೆ ಆಫ್ ಮಾಡಿ. ದ್ವಿಚಕ್ರ ವಾಹನದವರು ಹಗಲೂ ಆಫ್ ಮಾಡಿದರೆ ಒಳ್ಳೆಯದು, ಪ್ರತಿ ಗುಂಡಿಗೂ ಪರದೆ ಎಚ್ಚರವಾಗುತ್ತದೆ.

ಚಾರ್ಜಿಗೆ ಸರಿಯಾದ ಹೊತ್ತು ಭಾನುವಾರದ ಎಣ್ಣೆಸ್ನಾನ. ಆ ಹೊತ್ತಿಗೆ ಬ್ಯಾಂಡು ಕೈಯಲ್ಲಿ ಇರಲೂಬಾರದು. ನೀರು ತಡೆಯುವ ಮಟ್ಟ 5 ಎಟಿಎಂ ಅಂತ ಡಬ್ಬಿಯ ಮೇಲೆ ಬರೆದಿದ್ದರೆ, 50 ಮೀಟರ್ ಆಳದ ನಿಶ್ಚಲ ನೀರಿನ ಒತ್ತಡವನ್ನು ಪ್ರಯೋಗಾಲಯದಲ್ಲಿ ತಡೆದುಕೊಂಡಿದೆ ಅಂತ. ಮಳೆಯಲ್ಲಿ ನೆನೆಯಬಹುದು, ಈಜುಕೊಳಕ್ಕೆ ಇಳಿಯಬಹುದು. ಹಂಡೆಯ ಬಿಸಿನೀರು, ಹಬೆ, ಎಣ್ಣೆ, ಸೋಪಿನ ನೊರೆ ಒಳಗಿನ ರಬ್ಬರ್ ಸೀಲನ್ನು ನಿಧಾನಕ್ಕೆ ಕೆಡಿಸುತ್ತವೆ. ಬರೀ ಐಪಿ67 ಅಂತ ಬರೆದಿದ್ದರೆ ಅದು ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆಯ ಭರವಸೆ ಅಷ್ಟೇ, ಈಜಲು ಬೇಡ. ಹಿಂಬದಿಯ ಎರಡು ಚಾರ್ಜಿಂಗ್ ಬಿಂದುಗಳ ಮೇಲೆ ಬೆವರಿನ ಉಪ್ಪು ಕೂತು ಹಸಿರುಗಟ್ಟುತ್ತದೆ, ಚಾರ್ಜ್ ಆಗದೆ ಹೋಗಲು ಸಾಮಾನ್ಯ ಕಾರಣ ಇದೇ. ಒಣ ಹತ್ತಿಯಿಂದ ವಾರಕ್ಕೊಮ್ಮೆ ಒರೆಸಿ. ಒಂದು ಮಾದರಿಯ ಕೇಬಲ್ ಇನ್ನೊಂದಕ್ಕೆ ಹೊಂದದಿರುವುದೇ ಹೆಚ್ಚು, ಕಳೆದುಕೊಳ್ಳಬೇಡಿ.

ಚರ್ಮದಲ್ಲಿ ತುರಿಕೆ ಬಂದರೆ ಬಹಳ ಸಲ ಸ್ಟ್ರಾಪಿನ ತಪ್ಪಿರುವುದಿಲ್ಲ. ಅಡಿಯಲ್ಲಿ ಸಿಕ್ಕಿಕೊಂಡ ಬೆವರು ಮತ್ತು ಸೋಪು ಕಾರಣ. ಸಂಜೆ ಬಂದು ಕೈ ತೊಳೆಯುವಾಗ ಬ್ಯಾಂಡನ್ನೂ ಬರೀ ನೀರಿನಲ್ಲಿ ತೊಳೆದು, ಎರಡೂ ಪೂರ್ತಿ ಒಣಗಿದ ಮೇಲೆ ಕಟ್ಟಿ. ಆಗಲೂ ಕೆಂಪು ಹೋಗದೆ, ಲೋಹದ ಗುಂಡಿ ತಾಗುವ ಜಾಗದಲ್ಲೇ ಇದ್ದರೆ ನಿಕ್ಕಲ್ ಅಲರ್ಜಿ ಇರಬಹುದು. ಲೋಹವಿಲ್ಲದ ಪಟ್ಟಿಗೆ ಬದಲಾಯಿಸಿ. ಎಸ್.ಪಿ. ರಸ್ತೆಯಲ್ಲಿ, ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಸ್ಟ್ರಾಪ್ ಹುಡುಕುವಾಗ ಬ್ಯಾಂಡನ್ನೇ ತೆಗೆದುಕೊಂಡು ಹೋಗಿ, ಮಾದರಿ ಒಂದು ಸಂಖ್ಯೆ ಬದಲಾದರೂ ಕೂರದೆ ಹೋಗಬಹುದು. ಪರದೆ, ಸೆನ್ಸರ್ ಇರುವ ಕ್ಯಾಪ್ಸೂಲನ್ನು ರಬ್ಬರಿನೊಳಗೆ ತುರುಕುವ ಹಳೆಯ ವಿನ್ಯಾಸದವುಗಳಲ್ಲಿ ರಬ್ಬರ್ ಹಿಗ್ಗಿ, ಮೆಟ್ರೋ ನೂಕುನುಗ್ಗಲಿನಲ್ಲಿ ಕ್ಯಾಪ್ಸೂಲ್ ಉದುರಿ ಹೋಗುವುದುಂಟು. ಬೆರಳಿನಿಂದ ಒತ್ತಿದಾಗ ಕ್ಯಾಪ್ಸೂಲ್ ಹೊರಳಿತು ಅಂದರೆ ಸ್ಟ್ರಾಪಿನ ಆಯಸ್ಸು ಮುಗಿದಿದೆ.

ಗುರಿಯ ವಿಷಯ. 10,000 ಹೆಜ್ಜೆ ಅನ್ನುವುದು ವೈದ್ಯರ ಸಂಶೋಧನೆಯಿಂದ ಹುಟ್ಟಿದ್ದಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಯಮಾಸಾ ಎಂಬ ಜಪಾನಿ ಕಂಪನಿ ತನ್ನ ಹೆಜ್ಜೆಮಾಪಕಕ್ಕೆ ‘ಮಾನ್‌ಪೊಕೆ’, ಅಂದರೆ ಹತ್ತು ಸಾವಿರ ಹೆಜ್ಜೆಯ ಮಾಪಕ, ಅಂತ ಹೆಸರಿಟ್ಟಿತು. ಆ ಹೆಸರೇ ಗುರಿಯಾಗಿ ಉಳಿಯಿತು. 2022ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್‌ನಲ್ಲಿ ಬಂದ, 15 ಅಧ್ಯಯನಗಳನ್ನು ಒಟ್ಟು ಸೇರಿಸಿದ ವಿಶ್ಲೇಷಣೆಯ ಪ್ರಕಾರ, ಅರವತ್ತು ದಾಟಿದವರಿಗೆ 6,000–8,000, ಅದಕ್ಕಿಂತ ಚಿಕ್ಕವರಿಗೆ 8,000–10,000 ಹೆಜ್ಜೆಯ ಹೊತ್ತಿಗೆ ಪ್ರಯೋಜನ ಸಮತಟ್ಟಾಗುತ್ತದೆ. ಒಟ್ಟು ಹೆಜ್ಜೆಗಿಂತ ಚುರುಕು ನಡಿಗೆಯ ನಿಮಿಷಗಳ ಮೇಲೆ ಕಣ್ಣಿಡುವುದು ಇನ್ನೂ ಉಪಯುಕ್ತ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮ. ನಿಮಿಷಕ್ಕೆ ಸುಮಾರು 100 ಹೆಜ್ಜೆಯ ನಡಿಗೆ ಆ ಮಟ್ಟದ್ದು. ಲಾಲ್‌ಬಾಗಿನಲ್ಲಿ ಬಿಡದೆ ಅರ್ಧ ಗಂಟೆ ನಡೆದರೆ 3,000. ಸ್ಕೂಟರಿನ ಸುಳ್ಳು ಹೆಜ್ಜೆಗಳು ಈ ಲೆಕ್ಕಕ್ಕೆ ನುಗ್ಗಲಾರವು, ಏಕೆಂದರೆ ಇದನ್ನು ನೀವೇ ‘ವಾಕಿಂಗ್’ ಒತ್ತಿ ಶುರು ಮಾಡಿರುತ್ತೀರಿ.

ಹಳೆಯ ವಾಚಿನಿಂದ ಬದಲಾಯಿಸುವವರು ಅದನ್ನು ಒಂದೇ ದಿನ ಬಿಚ್ಚಿಡಬಾರದು. ಎರಡು ವಾರ ಎರಡನ್ನೂ ಕಟ್ಟಿ, ಮೊದಲ ವಾರ ಹಳೆಯದು ಎಡಕ್ಕೆ, ಹೊಸದು ಬಲಕ್ಕೆ, ಮರುವಾರ ಅದಲುಬದಲು. ಎರಡರ ಹೆಜ್ಜೆಗಳನ್ನೂ ಬೇರೆಬೇರೆಯಾಗಿ ಕೂಡಿ, ಹೊಸದರ ಮೊತ್ತವನ್ನು ಹಳೆಯದರ ಮೊತ್ತದಿಂದ ಭಾಗಿಸಿ. ಹಳೆಯದು 1,00,000 ಅಂದಾಗ ಹೊಸದು 90,000 ಅಂದರೆ, ಹಳೆಯದರ 8,000ದ ಗುರಿ ಹೊಸದರಲ್ಲಿ 7,200. ಹೀಗೆ ಮಾಡದಿದ್ದರೆ ಬದಲಾಯಿಸಿದ ದಿನ ಗ್ರಾಫ್ ಕೆಳಗೆ ಬೀಳುತ್ತದೆ, ನಡಿಗೆ ಕಡಿಮೆಯಾಯಿತೆಂದು ಮನಸ್ಸು ಕುಗ್ಗುತ್ತದೆ. ಹಳೆಯ ಆ್ಯಪ್ ಅಳಿಸುವ ಮೊದಲು ಅದರ ದಾಖಲೆಯನ್ನು ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ಆಂಡ್ರಾಯ್ಡ್‌ನಲ್ಲಿ ಹೆಲ್ತ್ ಕನೆಕ್ಟ್, ಐಫೋನಿನಲ್ಲಿ ಆ್ಯಪಲ್ ಹೆಲ್ತ್ ಮೂಲಕ ಮುಂದಿನ ದಾಖಲೆ ಒಂದೇ ಕಡೆ ಸೇರುವಂತೆ ಮಾಡಬಹುದು. ಕಂಪನಿಯ ಸರ್ವರಿಗೆ ಏನೂ ಹೋಗಬಾರದು ಅನ್ನುವವರಿಗೆ ಆಂಡ್ರಾಯ್ಡ್‌ನಲ್ಲಿ ಗ್ಯಾಜೆಟ್‌ಬ್ರಿಜ್ ಅನ್ನುವ ಮುಕ್ತ ತಂತ್ರಾಂಶವಿದೆ. ದಾಖಲೆಯೆಲ್ಲ ಫೋನಿನಲ್ಲೇ ಉಳಿಯುತ್ತದೆ. ಹಲವು ಹೊಸ ಮಾದರಿಗಳಿಗೆ ಮೊದಲೊಮ್ಮೆ ಕಂಪನಿಯ ಆ್ಯಪಿನಲ್ಲಿ ನೋಂದಾಯಿಸಿ ಒಂದು ಕೀಲಿಸಂಖ್ಯೆ ಪಡೆಯಬೇಕಾಗುತ್ತದೆ. ನಿಮ್ಮ ಮಾದರಿ ಅದರ ಪಟ್ಟಿಯಲ್ಲಿದೆಯೇ ಅಂತ ಕೊಳ್ಳುವ ಮೊದಲೇ ನೋಡಿ. ಕಂಪನಿಯ ಆ್ಯಪೇ ಬಳಸುವುದಾದರೆ ಬೇರೆ ಇಮೇಲ್ ಕೊಡಬಹುದು, ಹುಟ್ಟಿದ ವರ್ಷ, ಎತ್ತರ, ತೂಕ ಮಾತ್ರ ನಿಜವೇ ಇರಲಿ. ಲೆಕ್ಕಗಳೆಲ್ಲ ಅವುಗಳ ಮೇಲೆ ನಿಂತಿವೆ.

ಬಿಚ್ಚಿಟ್ಟ ಹಳೆಯದು ಬಹಳ ಮನೆಗಳಲ್ಲಿ ಅಮ್ಮನ ಕೈಗೆ ಹೋಗುತ್ತದೆ. ಕೊಡುವ ಮೊದಲು ನಿಮ್ಮ ಖಾತೆಯಿಂದ ಅದನ್ನು ‘ಅನ್‌ಪೇರ್’ ಮಾಡಿ, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಬರೀ ಬ್ಲೂಟೂತ್ ಪಟ್ಟಿಯಿಂದ ತೆಗೆದರೆ ಕೆಲವು ಕಂಪನಿಗಳ ಸಾಧನಗಳು ಹಳೆಯ ಖಾತೆಗೇ ಅಂಟಿಕೊಂಡು ಹೊಸ ಫೋನಿಗೆ ಜೋಡಣೆಯಾಗುವುದಿಲ್ಲ. ಅವರ ಎತ್ತರ, ವಯಸ್ಸು ತುಂಬಿ, ಗುರಿಯನ್ನು 10,000ದಿಂದ ಇಳಿಸಿ. ಗಂಟೆಗೊಮ್ಮೆ ‘ಎದ್ದು ನಡೆಯಿರಿ’ ಅಂತ ನಡುಗುವುದನ್ನು ಮಧ್ಯಾಹ್ನ ಅವರು ಮಲಗುವ ಹೊತ್ತಿಗೆ ನಿಲ್ಲಿಸಿ. ಅಕ್ಷರ ದೊಡ್ಡದಾಗಿ, ಸಮಯ ಮತ್ತು ಹೆಜ್ಜೆ ಎರಡೇ ಕಾಣುವ ಪರದೆ ಆರಿಸಿ. ತೆಳುವಾದ ಕೈಗೆ ಕೊನೆಯ ತೂತೂ ಸಡಿಲವಾಗಿ ಸೆನ್ಸರ್ ಚರ್ಮಕ್ಕೆ ತಾಗದಿದ್ದರೆ, ಬೇರೆ ತೂತು ಕೊರೆಯುವ ಬದಲು ಗಿಡ್ಡ ಅಳತೆಯ ಸ್ಟ್ರಾಪನ್ನೋ ಎಳೆದು ಬಿಗಿಯುವ ಬಟ್ಟೆಯ ಪಟ್ಟಿಯನ್ನೋ ತಂದುಕೊಡಿ.